ಪಕ್ಕದ ಕಂಪನಿಯವಳು

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದರೆ ನಮ್ಮ ಲಾಂಡ್ರಿಯ ನಡುವೆ ಒಂದು ಗೋಡೆ ಎದ್ದಿತ್ತು. ಇಟ್ಟಿಗೆಯದಲ್ಲ, ಪ್ಲೈವುಡ್ಡಿನದು. ನೆಲದಿಂದ ಶುರುವಾಗಿ ಆಳೆತ್ತರಕ್ಕೆ ಹೋಗಿ, ಅಲ್ಲಿಂದ ಮೇಲಕ್ಕೆ ಹಲಗೆ ಸಾಲದೆ ಹಾಗೇ ನಿಂತುಬಿಟ್ಟಿತ್ತು. ಒಗೆಯುವ ಯಂತ್ರಗಳೆಲ್ಲ ಆ ಕಡೆ. ಇಸ್ತ್ರಿಯ ರೋಲರು, ಮಡಿಸುವ ಮೇಜುಗಳೆಲ್ಲ ಈ ಕಡೆ. ನಡುವೆ ಬಟ್ಟೆಗಾಡಿ ತೂರಲೆಂದು ಬಿಟ್ಟ ಒಂದು ಕಂಡಿ, ಕಂಡಿಗೆ ಹಳೆಯ ಬೆಡ್‌ಶೀಟಿನ ಪರದೆ.

ಅಕ್ಕ ಗೋಡೆಯನ್ನು ತಟ್ಟಿ ನೋಡಿದಳು. "ಏನೇ ಇದು, ಬಟ್ಟೆ ಬದಲಾಯಿಸೋಕೆ ನಮಗೊಂದು ಮರೆ ಮಾಡಿಸಿದ್ದಾರಾ? ಕೊನೆಗೂ ಬುದ್ಧಿ ಬಂತಾ ಈ ಮನುಷ್ಯನಿಗೆ?" ಎಂದಳು. ಆ ಮರೆಯನ್ನು ಹೆಂಗಸರು ವರ್ಷಗಳಿಂದ ಕೇಳುತ್ತಿದ್ದೆವು. ಒದ್ದೆ ಸೀರೆ ಬದಲಾಯಿಸಲು ನಮಗಿದ್ದದ್ದು ಬಾಯ್ಲರಿನ ಹಿಂದಿನ ಸಂದಿ.

ಮಾಲೀಕರು ಬಂದು ಕಂಡಿಯ ಬಳಿ ನಿಂತರು. ಅರ್ಧ ಮೈ ಆ ಕಡೆ, ಅರ್ಧ ಮೈ ಈ ಕಡೆ.

"ಎಲ್ಲರೂ ಕೇಳಿ. ಇವತ್ತಿನಿಂದ ಇದು ಎರಡು ಕಂಪನಿ. ಒಗೆಯೋ ಕಂಪನಿ ನನ್ನ ಹೆಸರಲ್ಲಿ. ಇಸ್ತ್ರಿ ಕಂಪನಿ ನಮ್ಮ ಮನೆಯೋರ ಹೆಸರಲ್ಲಿ. ಯಾರೇ ಬಂದು ಕೇಳಿದ್ರೂ ಹಾಗೇ ಹೇಳಬೇಕು."

"ಯಾಕೆ ಸಾರ್?" ಎಂದ ಉದ್ದಣ್ಣ. ಒಗೆಯುವ ಯಂತ್ರ ನೋಡಿಕೊಳ್ಳುವವನು. ಗೋಡೆಯ ಮೇಲಿನಿಂದ ಅವನ ತಲೆ ನಮಗೆ ಕಾಣುತ್ತಿತ್ತು.

"ನಿಯಮ ಬಂದಿದೆ ಕಣಯ್ಯಾ."

ನಿಯಮ ಏನೆಂದು ಅವರು ಹೇಳಲಿಲ್ಲ. ಚಹಾದ ಹೊತ್ತಿಗೆ ಉದ್ದಣ್ಣನೇ ಎಲ್ಲಿಂದಲೋ ತಿಳಿದುಕೊಂಡು ಬಂದ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿದ್ದರೆ ಮಾಲೀಕನೇ ಅವರಿಗೆಲ್ಲ ಆರೋಗ್ಯ ವಿಮೆ ಮಾಡಿಸಬೇಕು. ಒಂಬತ್ತಿದ್ದರೆ ಬೇಡ. ಒಂಬತ್ತು ಜನ ಇರುವ ಕಡೆ ಕಾಯಿಲೆ ಕಾಲಿಡುವುದಿಲ್ಲವೆಂದು ನಿಯಮ ಬರೆದವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾವು ಹದಿನೆಂಟು ಜನ ಇದ್ದೆವು. ಮಾಲೀಕರು ಶಾಲೆಯಲ್ಲಿ ಕಲಿತ ಲೆಕ್ಕವನ್ನು ಮರೆತಿರಲಿಲ್ಲ. ಆವತ್ತಿನಿಂದ ನಾವು ಅವರಿಗೆ ಭಾಗಾಕಾರ ಎಂದು ಹೆಸರಿಟ್ಟೆವು.

ಅಕ್ಕ ಒಗೆಯುವ ಕಂಪನಿಗೆ ಹೋದಳು. ನಾನು ಇಸ್ತ್ರಿ ಕಂಪನಿಗೆ ಬಂದೆ. ಬೆಳಿಗ್ಗೆ ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸು ಹತ್ತಿ, ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದೆವು. ಒಳಗೆ ಬಂದ ಕೂಡಲೇ ಪರಸ್ಪರ ಗುರುತಿಲ್ಲದವರಾಗಬೇಕಿತ್ತು. ನಮ್ಮಿಬ್ಬರಿಗೂ ಸೇರಿ ಒಂದೇ ಊಟದ ಡಬ್ಬಿ. ಅದು ಯಾವ ಕಂಪನಿಗೆ ಸೇರಿದ್ದೆಂದು ಮಾಲೀಕರು ಹೇಳಿರಲಿಲ್ಲ.

ನಮ್ಮದು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಊರಿನ ದೊಡ್ಡ ಆಸ್ಪತ್ರೆ. ಬೆಳಿಗ್ಗೆ ವ್ಯಾನು ಬಂದು ಮೂಟೆಗಳನ್ನು ಕೆಡವಿ ಹೋಗುತ್ತದೆ. ಮೂಟೆ ಬಿಚ್ಚುವವಳು ಅಕ್ಕ. ರಕ್ತ, ಕೀವು, ವಾಂತಿ, ಹೇಲು. ಎಲ್ಲವನ್ನೂ ಬೇರೆ ಮಾಡಬೇಕು. ರಕ್ತದ್ದು ತಣ್ಣೀರಿಗೆ, ಉಳಿದದ್ದು ಬಿಸಿನೀರಿಗೆ. ಮಡಿಕೆಗಳ ನಡುವೆ ಸೂಜಿ ಇರುತ್ತದೆ, ಒಡೆದ ಬಾಟಲಿಯ ಚೂರು ಇರುತ್ತದೆ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಕೈಗವಸು ಹರಿದರೆ ಹೊಸದು ಕೇಳುವ ಹಾಗಿಲ್ಲ. "ಹೋದ ತಿಂಗಳು ಕೊಟ್ಟಿದ್ದೆನಲ್ಲ, ತಿಂದುಬಿಟ್ರಾ?" ಎನ್ನುತ್ತಿದ್ದರು ಮಾಲೀಕರು. ಒದ್ದೆ ಬಟ್ಟೆ ಹೆಣದಷ್ಟು ಭಾರ. ಅದನ್ನು ಯಂತ್ರದಿಂದ ಎಳೆದು, ಗಾಡಿಗೆ ತುಂಬಿ, ನಮ್ಮ ಕಡೆಗೆ ತಳ್ಳಬೇಕು. ನಾವದನ್ನು ರೋಲರಿಗೆ ಉಣಿಸಬೇಕು. ರೋಲರು ಹಬೆಯಲ್ಲಿ ಕಾದು ಸುತ್ತುತ್ತಲೇ ಇರುತ್ತದೆ. ಒದ್ದೆ ಬೆಡ್‌ಶೀಟು ಒಂದು ಕಡೆ ಹೋಗಿ ಇನ್ನೊಂದು ಕಡೆ ಹಪ್ಪಳದ ಹಾಗೆ ಹೊರಬರುತ್ತದೆ. ಹಿಡಿದು ಮಡಿಸಬೇಕು. ನನ್ನ ಬೆರಳ ತುದಿಗಳಲ್ಲಿ ರೇಖೆಗಳಿಲ್ಲ, ಸವೆದುಹೋಗಿವೆ.

ನಮ್ಮ ಕೈ ದಾಟದೆ ಆ ಆಸ್ಪತ್ರೆಯಲ್ಲಿ ಯಾರೂ ಹುಟ್ಟುವಂತಿಲ್ಲ, ಸಾಯುವಂತಿಲ್ಲ.

ಗೋಡೆ ಎದ್ದ ಸ್ವಲ್ಪ ದಿನಕ್ಕೆ ವಿಮೆ ಕಚೇರಿಯ ಸಾಹೇಬರು ತಪಾಸಣೆಗೆ ಬಂದರು. ತೆಳ್ಳಗಿನ ಮನುಷ್ಯ, ಮೂಗಿಗೆ ಕರವಸ್ತ್ರ. ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. ಹಲಗೆ ಅಲ್ಲಾಡಿತು.

"ಗಟ್ಟಿಯಾಗಿದೆ," ಎಂದರು.

ನಮ್ಮ ರೋಲರಿನ ವಿದ್ಯುತ್ ತಂತಿ ಆ ಕಡೆಯ ಕಂಬದಿಂದ ಹೊರಟು, ಗೋಡೆಯ ಮೇಲೆ ಹಾದು ಈ ಕಡೆ ಇಳಿದಿತ್ತು. ಸಾಹೇಬರು ತಂತಿಯನ್ನು ನೋಡಿದರು. ಗೋಡೆಯ ಮೇಲಿನ ಖಾಲಿ ಜಾಗವನ್ನೂ ನೋಡಿದರು.

"ಗಾಳಿ ಚೆನ್ನಾಗಿ ಆಡುತ್ತೆ," ಎಂದರು.

ಅಷ್ಟರಲ್ಲಿ ಅಕ್ಕ ಪರದೆ ಸರಿಸಿ ಬಂದಳು. ಅವಳಿಗೆ ಹಸಿವಾಗಿತ್ತು. ನೇರ ನನ್ನ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದಳು. ಮಾಲೀಕರ ಮುಖ ಬಿಳುಪೇರಿತು.

"ಇವರು ಪಕ್ಕದ ಕಂಪನಿಯೋರು ಸಾರ್," ಎಂದರು. "ಸ್ನೇಹದಲ್ಲಿ ಹೀಗೆ ಬಂದು ಹೋಗ್ತಾರೆ."

"ಒಳ್ಳೇದು. ನೆರೆಹೊರೆ ಅಂದ್ರೆ ಹೀಗಿರಬೇಕು," ಎಂದು ಸಾಹೇಬರು ಚಹಾ ಕುಡಿದು ಹೋದರು. ಅಕ್ಕ ಅವರ ಹಿಂದೆ ನೋಡುತ್ತ, "ಅಯ್ಯೋ, ಕಣ್ಣಿಗೆ ಕಟ್ಟಿಕೊಳ್ಳಬೇಕಾದ ಬಟ್ಟೇನ ಮೂಗಿಗೆ ಹಿಡ್ಕೊಂಡಿದ್ದಾರಲ್ಲ," ಎಂದಳು. ನಾವು ನಕ್ಕು ನಕ್ಕು ಸುಸ್ತಾದೆವು.

ಆ ನಗು ಬಹಳ ದಿನ ಉಳಿಯಲಿಲ್ಲ.

ಗೋಡೆ ಕಟ್ಟಿದ ಬಡಗಿ ಕಂಡಿಯನ್ನು ಬಟ್ಟೆಗಾಡಿಗಿಂತ ಎರಡು ಬೆರಳು ಕಿರಿದು ಮಾಡಿದ್ದ. ಗಾಡಿ ಪ್ರತಿ ಸಲ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸರಿ ಮಾಡಿಸಿ ಎಂದರೆ, "ನೋಡೋಣ" ಎನ್ನುತ್ತಿದ್ದರು ಮಾಲೀಕರು. ಕಂಡಿ ದೊಡ್ಡದಾದರೆ ಗೋಡೆ ಸಣ್ಣದಾಗುತ್ತದಲ್ಲ! ಹಾಗಾಗಿ ಅಕ್ಕ ಒದ್ದೆ ಬೆಡ್‌ಶೀಟುಗಳನ್ನು ಮಗುವಿನಂತೆ ತಬ್ಬಿಕೊಂಡು ಹೊತ್ತು ತರುತ್ತಿದ್ದಳು. ಕೆಲಸ ಹೆಚ್ಚಿದ್ದ ಒಂದು ಮಧ್ಯಾಹ್ನ ಹಾಗೇ ತಂದಳು. ಒಂದು ಬೆಡ್‌ಶೀಟಿನ ತುದಿ ಜೋತುಬಿದ್ದಿತ್ತು. ರೋಲರು ಆ ತುದಿಯನ್ನು ಹಿಡಿಯಿತು. ಬಟ್ಟೆ ಅಕ್ಕನ ಬಲ ಮಣಿಕಟ್ಟಿಗೆ ಸುತ್ತಿಕೊಂಡಿತು. ಎಳೆಯಿತು.

ನಾನು ಅವಳ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದೆ. ರೋಲರು ನಿಲ್ಲಿಸುವ ಕೆಂಪು ಗುಂಡಿ ಕಂಬದ ಮೇಲಿತ್ತು. ಕಂಬ ಆ ಕಂಪನಿಯಲ್ಲಿತ್ತು.

"ಉದ್ದಣ್ಣಾ, ನಿಲ್ಸೋ! ನಿಲ್ಸೋ!"

ಯಂತ್ರಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಮಡಿಸುವ ಹೆಂಗಸರೆಲ್ಲ ಗೋಡೆ ಬಡಿದರು. ಆಗ ಅವನ ತಲೆ ಇತ್ತ ತಿರುಗಿತು. ಓಡಿ ಗುಂಡಿ ಒತ್ತಿದ. ಅಕ್ಕ ಅಷ್ಟು ಹೊತ್ತೂ ಕಿರುಚುತ್ತಲೇ ಇದ್ದಳು. ರೋಲರು ನಿಂತ ಮೇಲೆ ಅವಳ ಬಾಯಿಯೂ ನಿಂತಿತು. ಬಟ್ಟೆ ಬಿಡಿಸಿದೆವು. ಮೊಣಕೈವರೆಗೆ ಚರ್ಮ ಬಟ್ಟೆಯ ಜೊತೆ ಬಂತು.

ಮಾಲೀಕರು ಓಡಿ ಬಂದರು. ಅಕ್ಕನನ್ನು ನೋಡಿದರು, ಗೋಡೆಯನ್ನು ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು ಇದು:

"ಇವಳು ಆ ಕಂಪನಿಯೋಳಲ್ವಾ? ಈ ಕಡೆ ಇವಳಿಗೇನು ಕೆಲಸ?"

ಆಟೋದಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಮಾಲೀಕರು ಮುಂದೆ ಡ್ರೈವರಿನ ಪಕ್ಕ ಅರ್ಧ ಕುಳಿತು ಹಿಂದಕ್ಕೆ ತಿರುಗಿದರು. ದನಿ ಬೆಣ್ಣೆಯಾಗಿತ್ತು.

"ನೋಡಮ್ಮ, ಆಸ್ಪತ್ರೇಲಿ ಕೇಳಿದ್ರೆ ಮನೇಲಿ ಅಡುಗೆ ಮಾಡ್ತಾ ಕಾದ ಎಣ್ಣೆ ಬಿತ್ತು ಅಂತ ಹೇಳು. ಏನು? ನಿನಗೂ ತೊಂದರೆ ಇಲ್ಲ, ನನಗೂ ಇಲ್ಲ."

ಅಕ್ಕ ಕಣ್ಣು ತೆರೆಯದೆಯೇ ಹೇಳಿದಳು. "ಮೊಣಕೈವರೆಗೆ ಬೇಯೋಷ್ಟು ಎಣ್ಣೆ ನಮ್ಮನೇಲಿ ಎಲ್ಲಿಂದ ಬರಬೇಕು ಸಾರ್? ನೀವು ಕೊಡೋ ಸಂಬಳದಲ್ಲಿ ಒಗ್ಗರಣೆಗೇ ಸಾಲಲ್ಲ."

ಡ್ರೈವರು ಮುಸಿಮುಸಿ ನಕ್ಕ. ಮಾಲೀಕರು ರಸ್ತೆಯತ್ತ ತಿರುಗಿಕೊಂಡರು.

ಅದೇ ಆಸ್ಪತ್ರೆ. ಅಕ್ಕನನ್ನು ಒಂದು ಮಂಚದ ಮೇಲೆ ಮಲಗಿಸಿದರು. ನೋವಿನ ಇಂಜೆಕ್ಷನ್ ಕೊಟ್ಟಮೇಲೆ ಅವಳು ಎಡಗೈಯಲ್ಲಿ ಬೆಡ್‌ಶೀಟು ಸವರಿದಳು. "ಇದು ನಾನೇ ಒಗೆದದ್ದು ಕಣೇ. ಈ ಮೂಲೇಲಿ ಔಷಧದ ಕಲೆ ಹೋಗ್ಲಿಲ್ಲ ಅಂತ ಆವತ್ತು ಬೈಸಿಕೊಂಡಿದ್ದೆ, ನೋಡು," ಎಂದಳು. ನೋಡಿದೆ. ಕಲೆ ಹಾಗೇ ಇತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅಕ್ಕನನ್ನು ಬಿಟ್ಟು ನನ್ನನ್ನು ಹೊರಗೆ ಕರೆದರು. "ಬೇರೆ ಕಡೆಯಿಂದ ಚರ್ಮ ತೆಗೆದು ಕೈಗೆ ಕಸಿ ಮಾಡಬೇಕು. ಬೇಗ ಮಾಡಿದ್ರೆ ಕೈ ಉಳಿಯುತ್ತೆ. ತಡ ಆದ್ರೆ ಬೆರಳು ಮುದುಡಿಕೊಳ್ತವೆ," ಎಂದರು. ಕೌಂಟರಿನಲ್ಲಿ ಕುಳಿತವಳು ಕೇಳಿದ್ದು ಬೇರೆ.

"ವಿಮೆ ಇದೆಯಾ?"

"ಇಲ್ಲ."

"ಎಲ್ಲಿ ಕೆಲಸ?"

"ನಿಮ್ಮದೇ ಬಟ್ಟೆ ಒಗೆಯೋದು."

"ಅದು ಹೊರಗಿನ ಕಂಪನಿ. ನಮಗೆ ಸಂಬಂಧ ಇಲ್ಲ. ಮುಂಗಡ ಕಟ್ಟಿದ್ರೆ ಆಪರೇಷನ್. ಮುಂದೆ ಯಾರು?"

ಆಸ್ಪತ್ರೆಗೂ ನಾವು ಪಕ್ಕದ ಕಂಪನಿಯವರೇ. ಮಾಲೀಕರನ್ನು ಹುಡುಕಿದೆ. ಅವರು ಫೋನು ಬಂತೆಂದು ಹೊರಗೆ ಹೋದವರು ಮತ್ತೆ ಬರಲಿಲ್ಲ. ಕೈಗೆ ಬಟ್ಟೆ ಸುತ್ತಿ, ಮಾತ್ರೆ ಕೊಟ್ಟು ನಮ್ಮನ್ನು ಮನೆಗೆ ಕಳಿಸಿದರು.

ಅಕ್ಕನ ಗಂಡ ತೀರಿಕೊಂಡು ವರ್ಷಗಳಾಗಿವೆ. ಮನೆಯಲ್ಲಿ ನಾನು, ಅಕ್ಕ, ಶಾಲೆಗೆ ಹೋಗುವ ಅವಳ ಮಗಳು. ಮಗಳ ಜಡೆ ಹೆಣೆಯಲು ಅಕ್ಕನಿಗೆ ಆಗಲಿಲ್ಲ. ಒಂದು ಕೈಯಲ್ಲಿ ಪ್ರಯತ್ನ ಮಾಡಿ ಬಾಚಣಿಗೆ ಎಸೆದಳು. ಅವಳಿಗೆ ನಾನು ಸ್ನಾನ ಮಾಡಿಸಿದೆ, ಸೀರೆ ಉಡಿಸಿದೆ, ಕಕ್ಕಸಿಗೆ ಹೋದಾಗ ಬಾಗಿಲ ಬಳಿ ನಿಂತೆ. ಊರಿನವರ ಹೇಲು ತೊಳೆದ ಹೆಂಗಸು ತನ್ನದನ್ನು ತಾನು ತೊಳೆದುಕೊಳ್ಳಲಾರದೆ ಗೋಡೆಗೆ ಹಣೆ ಒತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಸುಟ್ಟ ದಿನ ಕೂಡ ಅವಳು ಕಿರುಚಿದ್ದಳು, ಅತ್ತಿರಲಿಲ್ಲ.

ಬೆರಳುಗಳು ಮುದುಡಲು ಶುರುವಾದಾಗ ಅವಳು, "ನಡಿ, ಕೇಳಿಬರೋಣ," ಎಂದು ನನ್ನ ಜೊತೆ ಲಾಂಡ್ರಿಗೆ ಹೊರಟಳು.

ಮಾಲೀಕರು ತಮ್ಮ ಗಾಜಿನ ಕೋಣೆಯಲ್ಲಿದ್ದರು. ಬಾಗಿಲು ತೆರೆದಿತ್ತು. ಎಲ್ಲರೂ ಕೆಲಸ ನಿಧಾನ ಮಾಡಿ ಕಿವಿಗೊಟ್ಟರು.

"ಆಪರೇಷನ್ ಮಾಡಿಸಬೇಕು ಸಾರ್. ನಿಮ್ಮ ಕೆಲಸದಲ್ಲಿ ಸುಟ್ಟದ್ದು."

"ನನ್ನ ಕಂಪನೀಲಿ ಏನೂ ಆಗಿಲ್ಲಮ್ಮ. ಆಗಿದ್ದು ಇಸ್ತ್ರಿ ಕಂಪನೀಲಿ. ಅಲ್ಲಿ ಕೇಳಬೇಕು ನೀನು."

"ಅಲ್ಲಿಯ ಮಾಲೀಕರು ಎಲ್ಲಿದ್ದಾರೆ?"

"ಮನೇಲಿ. ಅವರಿಗೆ ಇದೆಲ್ಲ ಗೊತ್ತಾಗಲ್ಲ."

"ಮತ್ತೆ ಯಾರನ್ನ ಕೇಳ್ಲಿ?"

"ಕೇಳಿ ಪ್ರಯೋಜನ ಇಲ್ಲ. ನೀನು ಅವರ ಕೆಲಸದೋಳೇ ಅಲ್ಲ ಅಂತಾರೆ ಇಸ್ತ್ರಿ ಕಂಪನಿಯೋರು."

"ಯಾರು ಹಾಗಂದೋರು?"

"ನಾನೇ ಹೇಳ್ತಿದ್ದೀನಲ್ಲ!"

ಅಕ್ಕ, "ಸರಿ ಸಾರ್. ಅರ್ಥ ಆಯ್ತು," ಎಂದು ಹೊರಬಂದಳು. ಕಂಡಿಯ ಪರದೆಯನ್ನು ಎಡಗೈಯಲ್ಲಿ ಕಿತ್ತು ನೆಲಕ್ಕೆ ಹಾಕಿ, ಎರಡೂ ಕಡೆಗೆ ಕೇಳುವ ಹಾಗೆ ಗಂಟಲೆತ್ತಿದಳು.

"ಎಲ್ಲರೂ ಕೇಳಿಸ್ಕೊಂಡ್ರಲ್ಲ? ನಾವು ಎರಡು ಕಂಪನಿ. ಸುಳ್ಳಲ್ಲ, ನಿಜವಾಗ್ಲೂ ಎರಡು. ಮಾಲೀಕರೇ ಹೇಳಿದ್ದಾರೆ. ಇನ್ಮೇಲೆ ಒಂದು ಒದ್ದೆ ಟವೆಲ್ಲು ಕೂಡ ಇದನ್ನ ದಾಟಬಾರದು. ಪಕ್ಕದ ಕಂಪನಿ ಕೆಲಸ ನಾವು ಯಾಕೆ ಮಾಡ್ಬೇಕು?"

ಮಡಿಸುವವರಲ್ಲಿ ಹಿರಿಯಳಾದ ಅಜ್ಜಿ ಕೇಳಿದಳು. "ಪಾಪ, ರೋಗಿಗಳು ಏನು ಮಾಡ್ತಾರೆ ಮಗಳೇ?"

ಅಕ್ಕ ಯೋಚಿಸಿದಳು. "ಆಪರೇಷನ್ ಬಟ್ಟೆ ದಾಟಲಿ. ಮಕ್ಕಳ ವಾರ್ಡು, ಹೆರಿಗೆ ವಾರ್ಡು, ಜನರಲ್ ವಾರ್ಡು ದಾಟಲಿ. ಅಲ್ಲಿರೋರು ನಮ್ಮಂತೋರೇ. ಸ್ಪೆಷಲ್ ರೂಮಿಂದು, ಆಫೀಸಿಂದು, ದೊಡ್ಡ ಡಾಕ್ಟರ ಕೋಟು, ಇವೆಲ್ಲ ಅಲ್ಲೇ ಇರಲಿ."

ಉದ್ದಣ್ಣ ಗೋಡೆಯ ಮೇಲಿನಿಂದ ತಲೆಯಾಡಿಸಿದ. ಅಷ್ಟೇ. ಘೋಷಣೆ ಇಲ್ಲ, ಬಾವುಟ ಇಲ್ಲ. ಆ ಕಡೆಯವರು ಒಗೆದರು, ಒಗೆದು ರಾಶಿ ಹಾಕಿದರು. ಈ ಕಡೆಯವರು ದಾಟಿ ಬಂದ ಬಟ್ಟೆಗಷ್ಟೇ ಇಸ್ತ್ರಿ ಮಾಡಿ, ಉಳಿದ ಹೊತ್ತು ಕೈಕಟ್ಟಿ ನಿಂತೆವು. ರಾಶಿ ಬೆಳೆಯಿತು. ಮಾರನೆಯ ದಿನ ಮುಗ್ಗಲು ವಾಸನೆ ಬಂತು.

ಮಾಲೀಕರು ಮೊದಲು ಕೂಗಾಡಿದರು. "ತಳ್ರೋ ಆ ಕಡೆಗೆ!"

"ಅದು ಬೇರೆಯೋರ ಕಂಪನಿ ಸಾರ್," ಎಂದ ಉದ್ದಣ್ಣ. "ಹೇಳದೆ ಕೇಳದೆ ಹೋದ್ರೆ ಏನಾಗುತ್ತೆ ಅಂತ ನೋಡಿದ್ವಲ್ಲ."

ಆಮೇಲೆ ಮಾಲೀಕರು ತೋಳು ಮಡಚಿ ತಾವೇ ಒಂದು ಕಂತೆ ಎತ್ತಿದರು. ಒದ್ದೆ ಬೆಡ್‌ಶೀಟು ಎಷ್ಟು ಭಾರವೆಂದು ಅವರಿಗೆ ಆವತ್ತು ಗೊತ್ತಾಯಿತು. ಅಂಗಿ ಮುಂದೆಲ್ಲ ತೋಯ್ದು ಹೊಟ್ಟೆಗೆ ಅಂಟಿಕೊಂಡಿತು. ಏದುಸಿರು ಬಿಡುತ್ತ ಬಂದು ನನ್ನ ಮುಂದೆ ನಿಂತರು.

"ತಗೋ. ಹಾಕು ರೋಲರಿಗೆ."

"ನೀವು ಯಾವ ಕಂಪನಿಯೋರು ಸಾರ್?" ಎಂದೆ. "ನಮ್ಮ ಮೇಡಮ್ಮು ಹೇಳದೆ ಹೊರಗಿನೋರ ಬಟ್ಟೆ ಮುಟ್ಟೋ ಹಾಗಿಲ್ಲ."

"ಎಲ್ಲರನ್ನೂ ಕೆಲಸದಿಂದ ಕಿತ್ತುಹಾಕ್ತೀನಿ!"

"ಯಾವ ಕಂಪನಿಯಿಂದ ಸಾರ್?" ಎಂದಳು ಅಜ್ಜಿ. ಅವಳು ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು. ಕಂತೆ ಮಾಲೀಕರ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಮೂರನೆಯ ದಿನ ಆಸ್ಪತ್ರೆಯ ಬಟ್ಟೆ ವಿಭಾಗದ ಮುಖ್ಯಸ್ಥರು ಕಾರಿನಲ್ಲಿ ಬಂದಿಳಿದರು. "ಏನ್ರೀ ಇದು? ಸ್ಪೆಷಲ್ ರೂಮಿನೋರು ಮೊನ್ನೆಯ ಬೆಡ್‌ಶೀಟಿನ ಮೇಲೇ ಮಲಗಿದ್ದಾರೆ! ಗೊತ್ತಾ ನಿಮಗೆ?"

"ಜನರಲ್ ವಾರ್ಡಿನೋರು ವಾರದ ಬೆಡ್‌ಶೀಟಿನ ಮೇಲೆ ಮಲಗ್ತಾರೆ ಸಾರ್," ಎಂದಳು ಅಕ್ಕ. ಅವಳು ದಿನಾ ಬಂದು ಕಂಡಿಯ ಬಳಿ ಸ್ಟೂಲು ಹಾಕಿ ಕೂರುತ್ತಿದ್ದಳು. "ಅವರಿಗೋಸ್ಕರ ಯಾರೂ ಕಾರಲ್ಲಿ ಬರಲ್ಲ."

ಆವತ್ತೇ ಉದ್ದಣ್ಣ ವಿಮೆ ಕಚೇರಿಗೂ ಹೋಗಿದ್ದ. ತಪಾಸಣೆಯ ಸಾಹೇಬರು ಬರುವುದಿಲ್ಲವೆಂದರಂತೆ. "ಹಾಗಾದ್ರೆ ಸುಟ್ಟ ಕೈಯನ್ನೇ ಇಲ್ಲಿಗೆ ಕರ್ಕೊಂಡು ಬರ್ತೀವಿ, ಹದಿನೆಂಟು ಜನಾನೂ ಬರ್ತೀವಿ, ಇಲ್ಲೇ ಕೂರ್ತೀವಿ," ಎಂದನಂತೆ. ಸಾಹೇಬರು ಕರವಸ್ತ್ರ ಹುಡುಕಿಕೊಂಡು ಅವನ ಹಿಂದೆಯೇ ಹೊರಟುಬಂದರು.

ಹೀಗೆ ಇಬ್ಬರೂ ಒಂದೇ ಹೊತ್ತಿಗೆ ಸಿಕ್ಕಿದರು. ಆ ಹದಿನೈದು ನಿಮಿಷಕ್ಕೆ ಟಿಕೆಟ್ಟು ಇಟ್ಟಿದ್ದರೂ ನಾವು ಕೊಟ್ಟು ನೋಡುತ್ತಿದ್ದೆವು.

"ನಾವು ಗುತ್ತಿಗೆ ಕೊಟ್ಟಿರೋದು ಒಂದು ಕಂಪನಿಗೆ," ಎಂದರು ಆಸ್ಪತ್ರೆಯವರು. "ಒಗೆದು, ಇಸ್ತ್ರಿ ಮಾಡಿ ಕೊಡೋ ಕಂಪನಿಗೆ. ಬರೀ ಒಗೆಯೋ ಕಂಪನಿಯಾದ್ರೆ ಗುತ್ತಿಗೆ ಈಗಲೇ ರದ್ದು."

"ಅಯ್ಯೋ, ಒಂದೇ ಸಾರ್, ಒಂದೇ ಕಂಪನಿ!" ಎಂದರು ಮಾಲೀಕರು.

"ಒಂದೇ?" ಎಂದರು ವಿಮೆ ಸಾಹೇಬರು. ಸುತ್ತ ನಿಂತ ನಮ್ಮನ್ನು ನೋಡಿ ಅವರೂ ಧೈರ್ಯ ಮಾಡಬೇಕಾಯಿತು. "ನನಗೆ ಎರಡು ಅಂದಿದ್ರಿ?"

"ಎರಡೇ ಸಾರ್."

"ಎರಡಾ?" ಎಂದರು ಆಸ್ಪತ್ರೆಯವರು.

"ಒಂದು. ಅಂದ್ರೆ ಒಂದೇ, ಆದ್ರೆ ಎರಡು. ಮೇಲ್ನೋಟಕ್ಕೆ ಎರಡು. ಅಲ್ಲ, ಒಳಗೆ ಎರಡು, ಹೊರಗೆ..." ಮಾಲೀಕರ ಹಣೆಯಿಂದ ಬೆವರು ಇಳಿಯಿತು. ಭಾಗಾಕಾರದಲ್ಲಿ ಶೇಷ ಉಳಿದುಬಿಟ್ಟಿತ್ತು. ಗುತ್ತಿಗೆ ದೊಡ್ಡದು, ವಿಮೆ ಚಿಕ್ಕದು. ಕೊನೆಗೆ ಅವರು ತಲೆ ತಗ್ಗಿಸಿ, "ಒಂದು," ಎಂದರು.

ಸಾಹೇಬರು ನಮ್ಮ ತಲೆ ಎಣಿಸಲು ಶುರು ಮಾಡಿದರು. ಅಕ್ಕನ ಬಳಿ ಬಂದಾಗ ಮಾಲೀಕರು ಬಾಯಿ ಹಾಕಿದರು. "ಅವಳನ್ನ ಬಿಡಿ ಸಾರ್. ಕೆಲಸ ಮಾಡೋಕೆ ಆಗಲ್ಲ ಈಗ. ಅವಳು ಲೆಕ್ಕಕ್ಕಿಲ್ಲ."

ಸಾಹೇಬರ ಬೆರಳು ಮುಂದಕ್ಕೆ ಹೋಯಿತು. ಅಕ್ಕ ಸ್ಟೂಲಿನಿಂದ ಎದ್ದಳು. ಕೈಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಯಾರೂ ತಡೆಯಲಿಲ್ಲ. ಹಸಿ ಮಾಂಸದ ಕೈಯನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದಳು. ಅವರು ಕರವಸ್ತ್ರ ತೆಗೆಯಲು ಹೋದರು.

"ಅದನ್ನ ಜೇಬಲ್ಲಿಡಿ ಸಾರ್. ವಾಸನೆ ನೋಡಿ. ನೋಡಿ ಎಣಿಸಿ."

ಸಾಹೇಬರು ಎಣಿಸಿದರು.

ಮಾರನೆಯ ದಿನವೇ ಬಡಗಿ ಬಂದು ಗೋಡೆ ಕಿತ್ತ. ಆ ಹಲಗೆಗಳಲ್ಲಿ ಉದ್ದಣ್ಣ ಎರಡು ಬೆಂಚು ಮಾಡಿಸಿಕೊಂಡ. ಅಲ್ಲಿಯವರೆಗೆ ನಮಗೆ ಕೂರಲು ಜಾಗವಿರಲಿಲ್ಲ. ಸ್ವಲ್ಪ ದಿನಕ್ಕೆ ಎಲ್ಲರಿಗೂ ವಿಮೆಯ ಕಾರ್ಡು ಬಂತು. ಅಕ್ಕನಿಗೂ ಬಂತು. ನಾವಿಬ್ಬರೂ ಕುಣಿದುಕೊಂಡು ಆಸ್ಪತ್ರೆಗೆ ಹೋದೆವು. ಕೌಂಟರಿನವಳು ಕಾರ್ಡನ್ನು ತಿರುಗಿಸಿ ನೋಡಿ, ಯಾರಿಗೋ ಫೋನು ಮಾಡಿ, ವಾಪಸು ಕೊಟ್ಟಳು.

"ಗಾಯ ಆಗಿದ್ದು ವಿಮೆ ಶುರುವಾಗೋಕ್ಕಿಂತ ಮುಂಚೆ. ಇದಕ್ಕೆ ಅನ್ವಯ ಆಗಲ್ಲ. ಮುಂದೆ ಏನಾದ್ರೂ ಆದ್ರೆ ಬನ್ನಿ."

ಅಕ್ಕ ನನ್ನ ಮುಖ ನೋಡಿದಳು. "ಸ್ವಲ್ಪ ತಡೆದು ಸುಟ್ಕೋಬೇಕಿತ್ತಂತೆ ಕಣೇ," ಎಂದಳು.

ನನಗೆ ನಗು ಬರಲಿಲ್ಲ. ಅವಳನ್ನು ಅಲ್ಲೇ ಕೂರಿಸಿ ನೇರ ಲಾಂಡ್ರಿಗೆ ಬಂದೆ. ರೋಲರು ಸುತ್ತುತ್ತಿತ್ತು. ಕಂಬದ ಬಳಿ ಹೋಗಿ ಕೆಂಪು ಗುಂಡಿ ಒತ್ತಿದೆ. ಏನೆಂದು ಯಾರೂ ನನ್ನನ್ನು ಕೇಳಲಿಲ್ಲ. ಉದ್ದಣ್ಣ ತನ್ನ ಯಂತ್ರ ನಿಲ್ಲಿಸಿದ. ಅಜ್ಜಿ ಮಡಿಸುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಬೆಂಚಿನ ಮೇಲೆ ಕುಳಿತಳು. ಮಾಲೀಕರು ಗಾಜಿನ ಕೋಣೆಯಿಂದ ಹೊರಬಂದರು.

"ಇನ್ನೇನು ನಿಮ್ಮದು? ಗೋಡೆ ಕಿತ್ತೆ, ಕಾರ್ಡು ಕೊಟ್ಟೆ!"

"ಅಕ್ಕನ ಕೈ," ಎಂದೆ. ಬೇರೆ ಮಾತು ನನಗೆ ಹೊಳೆಯಲಿಲ್ಲ.

"ನಿಯಮದ ಪ್ರಕಾರ ನಾನು..."

"ನಿಯಮ ಬೇಡ ಸಾರ್," ಎಂದ ಉದ್ದಣ್ಣ. "ಕೈ."

ಈ ಸಲ ಆಪರೇಷನ್ ಬಟ್ಟೆಯನ್ನೂ ನಿಲ್ಲಿಸಬೇಕಾಗುತ್ತದೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಅಷ್ಟು ದೂರ ಹೋಗಲಿಲ್ಲ. ಆಸ್ಪತ್ರೆಯ ಕಾರು ಇನ್ನೊಮ್ಮೆ ಬಾಗಿಲಿಗೆ ಬಂದರೆ ಗುತ್ತಿಗೆ ಹೋಗುತ್ತದೆಂದು ಮಾಲೀಕರಿಗೆ ಗೊತ್ತಿತ್ತು. ಸಂಜೆಯೊಳಗೆ ಮುಂಗಡ ಕಟ್ಟಿದರು. ಕಟ್ಟುವಾಗ ಅವರ ಮುಖ ನೋಡಬೇಕಿತ್ತು. ಅವರದೇ ಚರ್ಮ ಸುಲಿದು ಅಕ್ಕನಿಗೆ ಹಚ್ಚುತ್ತಿದ್ದಾರೇನೋ ಅನ್ನಬೇಕು.

ಚರ್ಮ ತೆಗೆದದ್ದು ಅಕ್ಕನ ತೊಡೆಯಿಂದಲೇ. ಆಪರೇಷನ್ ತಡವಾಗಿತ್ತು. ಕೈ ಉಳಿಯಿತು, ಎರಡು ಬೆರಳು ನೇರವಾಗಲಿಲ್ಲ. ಮಗಳ ಜಡೆ ಈಗ ಅವಳೇ ಹೆಣೆಯುತ್ತಾಳೆ, ಸ್ವಲ್ಪ ಸೊಟ್ಟಗೆ. ಮೂಟೆ ಬಿಚ್ಚುವ ಕೆಲಸಕ್ಕೆ ವಾಪಸು ಬಂದಳು. ಹೊಸ ಕೈಗವಸು ಕೇಳಿ ಇಸಿದುಕೊಂಡಳು. ಆ ಎರಡು ಬೆರಳು ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ.

ಮಾಲೀಕರು ಈಗ ಹೋದಲ್ಲೆಲ್ಲ, "ನಮ್ಮ ಹುಡುಗರಿಗೆ ನಾನೇ ಮನಸ್ಸು ಮಾಡಿ ವಿಮೆ ಮಾಡಿಸಿದೆ," ಎನ್ನುತ್ತಾರಂತೆ. ಕಳೆದ ತಿಂಗಳು ಬಾಗಿಲ ಮೇಲೆ ಒಂದು ಬೋರ್ಡು ಹಾಕಿಸಿದರು. ಹಸಿರು ಬಣ್ಣ, ದೊಡ್ಡ ಅಕ್ಷರ: ನಮ್ಮ ಕೆಲಸಗಾರರೇ ನಮ್ಮ ಕುಟುಂಬ.

ಬೆಳಿಗ್ಗೆ ನಾವೆಲ್ಲ ಅದರ ಕೆಳಗೆ ನಿಂತು ಓದಿದೆವು. ಮಾಲೀಕರು ಪಕ್ಕದಲ್ಲೇ ನಿಂತು ನಾವು ಏನಾದರೂ ಹೇಳುತ್ತೇವೆಂದು ಕಾಯುತ್ತಿದ್ದರು.

ಅಕ್ಕ ಎರಡು ಸಲ ಓದಿದಳು. "ಕುಟುಂಬ ಅಂದ್ರೆ ಒಳ್ಳೇದೇ ಆಯ್ತು ಸಾರ್," ಎಂದಳು. "ಆಸ್ತಿ ಪಾಲು ಯಾವತ್ತು ಮಾಡೋಣ?"

ಮಾರನೆಯ ದಿನ ಬೋರ್ಡು ಇರಲಿಲ್ಲ.